ಅಕ್ಕಯಮ್ಮನಿಗೆ ಮರುಬಾಗಿನ

“ಮುಟ್ಬೇಡಿ ಸಾಮೀ. ಅದು ಅವಳ್ದು.”

ಹರಿಗೋಲಿನ ಬೈರಣ್ಣ ಈ ಮಾತನ್ನು ಮೂರು ಸಲ ಹೇಳಿದ. ಅಷ್ಟರಲ್ಲಿ ಅನಂತರಾಮು ಮೊರವನ್ನು ಎತ್ತಿ ಕಂಕುಳಲ್ಲಿ ಇರುಕಿಸಿಕೊಂಡಾಗಿತ್ತು.

ಅನಂತರಾಮು ನದಿಯ ಮಟ್ಟ ಅಳೆಯುವ ಸರ್ಕಾರಿ ನೌಕರ. ಮನೆ ಬೆಂಗಳೂರಿನ ತ್ಯಾಗರಾಜನಗರ. ಸಾವಿರದ ಒಂಬೈನೂರ ಐವತ್ತೆಂಟರ ಮಳೆಗಾಲದಲ್ಲಿ ಅವನನ್ನು ಕಡವಿನಪಾಳ್ಯದ ಅಳತೆಗೆ ಹಾಕಿದ್ದರು. ಹೆಸರು ಕೇಳಿದವರೇ ಕಡಿಮೆ ಇರುವ ಊರು. ಕನಕಪುರ ದಾಟಿ, ಬಸ್ಸಿಳಿದು, ಎರಡು ಮೈಲಿ ಕಾಡುದಾರಿ ನಡೆದರೆ ಕಾವೇರಿ. ದಡದಲ್ಲಿ ಇಪ್ಪತ್ತು ಮನೆ, ಹರಿಗೋಲು ಕಟ್ಟುವ ಒಂದು ಕಡವು. ನದಿಯ ನಡುವೆ ಯಾರೂ ವಾಸವಿಲ್ಲದ ಒಂದು ಗಡ್ಡೆ. ಅಳತೆಯ ಕಂಬ ಇದ್ದದ್ದು ಆ ಗಡ್ಡೆಯ ತುದಿಯಲ್ಲಿ.

ಗಡ್ಡೆಯ ಹೊಳೆಮತ್ತಿ ಮರದ ಬುಡದಲ್ಲಿ ಮೊರಗಳು ಸಾಲಾಗಿ ಬಿದ್ದಿದ್ದವು. ಹಿಂದಿನ ವರ್ಷಗಳವು ಕೊಳೆತು ಮಣ್ಣಾಗುತ್ತಿದ್ದವು. ಹಳೆಯ ಅರಿಸಿನ, ಹುಳಿತ ತೆಂಗಿನಕಾಯಿ, ಹಸಿ ಕೆಸರು, ಎಲ್ಲ ಸೇರಿದ ವಾಸನೆ ಮೂಗಿಗೆ ಅಡರುತ್ತಿತ್ತು. ನಡುಹಗಲಾದರೂ ಮರದಲ್ಲಿ ಒಂದು ಹಕ್ಕಿಯ ಸದ್ದಿಲ್ಲ. ಸಾಲಿನ ಕೊನೆಯಲ್ಲಿ ಇದ್ದದ್ದು ಅಂದು ಬೆಳಿಗ್ಗೆ, ಅಮಾವಾಸ್ಯೆಯಂದು, ಇಟ್ಟ ಹೊಸ ಮೊರ. ಒಳಗೆ ಹಸಿರು ರವಿಕೆ ಕಣ, ಬಳೆ, ಬಾಚಣಿಗೆ, ಬೇಳೆ, ಬೆಲ್ಲ. ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿದ್ದರು.

“ಅಕ್ಕಯಮ್ಮ ಅಂತ ನಮ್ಮೂರ ಸೊಸೆ ಸಾಮಿ,” ಎಂದ ಬೈರಣ್ಣ, ಮರದ ಕಡೆ ನೋಡದೆ. “ಏಳು ತಿಂಗಳ ಬಸುರಿ, ಹಂಗೇ ಹೋದ್ಲು. ಹೋದ್ಮೇಲೂ ಮನೆಮನೆ ಬಸುರೇರನ್ನ ಹುಡುಕ್ಕೊಂಡು ಬರೋಳು. ಮಂತ್ರವಾದಿ ಅವಳನ್ನ ತಂದು ಇಲ್ಲಿ ಕಟ್ಟಾಕ್ದ. ಗೌರಿ ಹಬ್ಬದ ಮುಂಚಿನ ಅಮಾಸೆಗೆ ಬಾಗಿನ ಕೊಟ್ರೆ ನೀರು ದಾಟಕಿಲ್ಲ ಅಂತ ಮಾತು ತಕೊಂಡವ್ನೆ.”

“ಹಾಗಾದ್ರೆ ಈ ವರ್ಷದ್ದು ನಾನೇ ಕಡ ತಗೊಂಡೆ ಅಂತ ಹೇಳಪ್ಪ ಅವಳಿಗೆ,” ಎಂದು ಅನಂತರಾಮು ನಕ್ಕ. ಅವನಿಗೆ ಮೊರದ ಆಸೆ ಅಂತೇನೂ ಇರಲಿಲ್ಲ. ಇಂಥ ಮಾತನ್ನು ಕೇಳಿ ಸುಮ್ಮನೆ ಹೋಗುವುದು ಅವನ ಜಾಯಮಾನದಲ್ಲಿರಲಿಲ್ಲ, ಅಷ್ಟೇ.

ಮನೆಯಲ್ಲಿ ಹೆಂಡತಿ ಪಂಕಜಾ ಮೊರವನ್ನು ಕಂಡು ಹಿಗ್ಗಿದಳು. ಅವಳಿಗೂ ಆಗ ಏಳು ತಿಂಗಳು. ಮದುವೆಯಾಗಿ ಆರು ವರ್ಷದಲ್ಲಿ ಎರಡು ಬಸಿರು ನಿಂತಿರಲಿಲ್ಲ. ಈ ಮಗುವಿಗಾಗಿ ಗಂಡಹೆಂಡಿರಿಬ್ಬರೂ ಉಸಿರು ಬಿಗಿಹಿಡಿದು ದಿನ ಎಣಿಸುತ್ತಿದ್ದರು. ಮಂತ್ರತಂತ್ರವನ್ನು ಗೇಲಿ ಮಾಡುವ ಅನಂತರಾಮು ರಾತ್ರಿ ಮಲಗುವ ಮುಂಚೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನ ಒದೆತ ಸಿಕ್ಕಿದ ಮೇಲೇ ನಿದ್ದೆಗೆ ಜಾರುತ್ತಿದ್ದ.

“ಯಾರು ಕೊಟ್ರು?” ಎಂದಳು ಪಂಕಜಾ.

ನಿಜ ಹೇಳಿದರೆ ಬೀದಿಗೆ ಬಿಸಾಡಿ ತಲೆಗೆ ಸ್ನಾನ ಮಾಡಿಯಾಳು. “ಅಕ್ಕಯಮ್ಮ ಅಂತ, ಆ ಊರೋರು. ನೀನು ಬಸುರಿ ಅಂತ ತಿಳಿದು ಕಳಿಸಿದ್ರು,” ಎಂದುಬಿಟ್ಟ.

ಪಂಕಜಾ ಕುಂಕುಮ ಇಟ್ಟುಕೊಂಡು, ಮೊರವನ್ನು ಸೆರಗಿನಲ್ಲಿ ಶಾಸ್ತ್ರಪ್ರಕಾರ ಇಸಿದುಕೊಂಡಳು. ಬಾಗಿನ ಇಸಿದುಕೊಂಡು ಮರುಬಾಗಿನ ಕೊಡದೆ ಇರುವ ಹೆಂಗಸು ಆ ಬೀದಿಯಲ್ಲೇ ಇರಲಿಲ್ಲ.

“ಹಬ್ಬದ ದಿನ ಅವರನ್ನ ಬರಹೇಳ್ಬೇಕಿತ್ತು ಕಣ್ರೀ.”

“ಬರೋದಾದ್ರೆ ಬರ್ಲಿ ಬಿಡು.”

ಅವಳು ಆಗಲೇ ಒಂದು ಜೊತೆ ಹೊಸ ಮೊರ ತೆಗೆದು, ಅಕ್ಕಯಮ್ಮನ ಹೆಸರು ಹೇಳಿ, ದೇವರ ಮುಂದೆ ಇಟ್ಟಳು.

ಗೌರಿ ಹಬ್ಬದ ದಿನ ನದಿ ಏರುತ್ತಿದೆಯೆಂದು ಆಫೀಸಿನಿಂದ ಹೇಳಿಕಳಿಸಿದರು. ಅನಂತರಾಮು ಬೆಳಗಿನ ಮೊದಲ ಬಸ್ಸಿಗೆ ಹೊರಟ. ಕಡವಿನಲ್ಲಿ ಬೈರಣ್ಣ ಹರಿಗೋಲನ್ನು ಬೋರಲು ಹಾಕಿ ಪಕ್ಕದಲ್ಲಿ ಕೂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

“ನಾನಿನ್ನು ಹರಿಗೋಲು ಹಾಕಲ್ಲ ಸಾಮಿ.”

“ಏನಾಯ್ತಯ್ಯ?”

“ನಿನ್ನೆ ಬೆಳಕು ಹರಿಯೋ ಹೊತ್ತು. ಗಡ್ಡೆಯಿಂದ ಹೆಂಗ್ಸು ಕೂಗಿದ್ಲು, ಹರಿಗೋಲು ತತ್ತಾ ಅಂತ. ಆಚೆಯಿಂದ ಕೂಗಿದ್ರೆ ಹೋಗ್ಲೇಬೇಕು, ಅದು ನಮ್ಮ ಕಟ್ಟುಪಾಡು. ಹೋದೆ. ಯಾರೂ ಇರ್ಲಿಲ್ಲ.” ಬೈರಣ್ಣ ಬೋರಲು ಬಿದ್ದ ಹರಿಗೋಲಿನ ಕಡೆ ಕೈ ತೋರಿಸಿದ. “ವಾಪಸ್ ತಿರುಗಿಸ್ದೆ. ಹರಿಗೋಲು ತಗ್ಗಿತು ಸಾಮಿ. ಒಂದಾಳು ಕೂತಷ್ಟು ತಗ್ಗಿತು. ದಡ ಮುಟ್ಟಿದಾಗ ಮೇಲಕ್ಕೆದ್ದಿತು.”

ಅನಂತರಾಮು ನಗಬೇಕೆಂದುಕೊಂಡ. ನಗು ಬರಲಿಲ್ಲ.

“ಮೊರ ಏನ್ ಮಾಡಿದ್ರಿ?”

“ಹೆಂಡತಿಗೆ ಕೊಟ್ಟೆ.”

“ಅವಳ ಹೆಸರು ಹೇಳಿದ್ರಾ?”

“...ಹೇಳಿದೆ.”

“ಅಮ್ಮಾವ್ರು ಮರುಬಾಗಿನ ಎತ್ತಿಟ್ಟವ್ರಾ?”

ಅನಂತರಾಮು ಹೌದೆಂದು ತಲೆಯಾಡಿಸಿದ. ಬೈರಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಓಡಿ ಸಾಮಿ. ಅವಳ ಕೈಗೆ ಅಮ್ಮಾವ್ರು ಏನೂ ಕೊಡಕೂಡ್ದು. ಅಮ್ಮಾವ್ರಿಗೂ ಹೊಟ್ಟೆಯಲ್ಲಿ ಏನಾದ್ರೂ...”

ಅನಂತರಾಮು ಓಡಿದ. ಎರಡು ಮೈಲಿ ಕಾಡುದಾರಿ. ಮುಳ್ಳು, ಕೆಸರು. ರಸ್ತೆಯಲ್ಲಿ ಒಂದು ಗಂಟೆ ಬಸ್ಸಿಲ್ಲ. ಬಂದ ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತಿತು. ತಲಘಟ್ಟಪುರದಲ್ಲಿ ಡ್ರೈವರು ಇಳಿದು ಕಾಫಿ ಕುಡಿದ. ಅನಂತರಾಮುವಿನ ಅಂಗಿ ಬೆವರಿಗೆ ಮೈಗಂಟಿತ್ತು. ಇದೆಲ್ಲ ಮೂಢನಂಬಿಕೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಭಯ ಹೆಚ್ಚಾಯಿತು.

ಮನೆ ತಲುಪಿದಾಗ ಮಧ್ಯಾಹ್ನ ಮೂರು ದಾಟಿತ್ತು. ಮೋಡ ಕವಿದು ಬೀದಿಯೆಲ್ಲ ಮಂಕು. ಬಾಗಿಲು ತೆರೆದೇ ಇತ್ತು. ಹೊಸಲಿನ ರಂಗೋಲಿ ಕದಡಿ ನೀರು ನಿಂತಿತ್ತು. ಒಳಗೆ ಕಾಲಿಟ್ಟರೆ ಅದೇ ವಾಸನೆ. ಹಳೆಯ ಅರಿಸಿನ. ಹುಳಿತ ತೆಂಗಿನಕಾಯಿ. ಹಸಿ ಕೆಸರು.

ಪಂಕಜಾ ನಡುಮನೆಯಲ್ಲಿ ನಿಂತು ಸೀರೆಯ ನೆರಿಗೆ ಸಿಕ್ಕಿಸುತ್ತಿದ್ದಳು. ಸಿಕ್ಕಿಸುತ್ತಿದ್ದಳು, ಅದು ಜಾರುತ್ತಿತ್ತು. ಮತ್ತೆ ಸಿಕ್ಕಿಸುತ್ತಿದ್ದಳು.

“ಬಂದ್ರಾ? ಅಕ್ಕಯಮ್ಮನವರು ಈಗಷ್ಟೇ ಹೋದ್ರು.” ದನಿ ಅರೆನಿದ್ದೆಯಲ್ಲಿದ್ದಂತಿತ್ತು. “ಪಾಪ, ಅಷ್ಟು ದೂರದಿಂದ ನಡ್ಕೊಂಡೇ ಬಂದ್ರಂತೆ. ಬಾಗಿನ ಕೊಟ್ಟೆ. ಸೆರಗೊಡ್ಡಿ ಇಸ್ಕೊಂಡ್ರು. ಆಮೇಲೆ ಸೊಂಟ ಹಿಡ್ಕೊಂಡು ಎದ್ರು. ಈಗ ನಡೆಯೋಕಾಗಲ್ಲ, ಬಸ್ ಎಲ್ಲಿ ಸಿಗುತ್ತೆ ಅಂದ್ರು. ದಾರಿ ತೋರಿಸ್ದೆ.”

“ಪಂಕಜಾ...”

“ಈ ಸೀರೆ ಯಾಕ್ರೀ ನಿಲ್ತಾ ಇಲ್ಲ?”

ಅವನು ಕೈಯಿಟ್ಟ. ಹೊಟ್ಟೆ ಚಪ್ಪಟೆಯಾಗಿತ್ತು. ತಣ್ಣಗಿತ್ತು. ಒಳಗೆ ಏನೂ ಇರಲಿಲ್ಲ. ರಕ್ತವಿಲ್ಲ, ನೋವಿಲ್ಲ. ಏನೂ ಇರಲಿಲ್ಲ.

ಅವನು ಹೊರಗೆ ಓಡಿದ. ಕನಕಪುರ ರಸ್ತೆಯ ತಿರುವು. ಬಸ್ಸು ನಿಂತಿದೆ. ಎಂಜಿನ್ ಗುರುಗುಡುತ್ತಿದೆ. ಹಾರಿ ಹತ್ತಿದ.

ಹೆಂಗಸರ ಸೀಟಿನಲ್ಲಿ ಅವಳು ಕೂತಿದ್ದಳು. ಇಪ್ಪತ್ತರ ವಯಸ್ಸು. ಸಾಧಾರಣ ಮುಖ. ಒದ್ದೆ ಸೀರೆ. ತುಂಬಿದ ಹೊಟ್ಟೆಗೆ ಪಂಕಜಾ ಕೊಟ್ಟ ಮೊರವನ್ನು ಒತ್ತಿ ಹಿಡಿದಿದ್ದಳು. ಅನಂತರಾಮು ನೋಡುತ್ತಿದ್ದಂತೆ ಮೊರ ಅಲುಗಿತು. ಹೊಟ್ಟೆಯೊಳಗಿನಿಂದ ಒದ್ದದ್ದು. ಅವನಿಗೆ ಆ ಒದೆತ ಗೊತ್ತು. ಏಳು ವಾರದಿಂದ ಗೊತ್ತು.

“ಕೊಡು,” ಎಂದ. “ಅದು ನಮ್ಮದು. ಕೊಟ್ಬಿಡು ತಾಯೀ.”

ಅವಳು ತಲೆಯೆತ್ತಿದಳು. “ಅಮ್ಮಾವ್ರು ಕೈಯಾರೆ ಕೊಟ್ರಲ್ಲ ಸಾಮಿ. ಕೊಟ್ಟ ಬಾಗಿನ ಯಾರಾದ್ರೂ ವಾಪಸ್ ಕೇಳ್ತಾರಾ?”

ಅವನು ಮೊರಕ್ಕೆ ಕೈ ಹಾಕಿದ. ಎಳೆದ. ಅವಳು ಹೊಟ್ಟೆ ಹಿಡಿದುಕೊಂಡು ಚೀರಿದಳು.

ಬಸ್ಸಿಗೆ ಬಸ್ಸೇ ಎದ್ದಿತು. “ಏಯ್! ಬಸುರಿ ಹೆಂಗ್ಸಿನ ಮೇಲೆ ಕೈ ಮಾಡ್ತೀಯ!” ಯಾರೋ ಅವನ ಅಂಗಿ ಹಿಡಿದರು. ಯಾರೋ ಬೆನ್ನಿಗೆ ಗುದ್ದಿದರು. “ನನ್ನ ಮಗು, ನನ್ನ ಮಗು ಅದು,” ಎಂದು ಅವನು ಅರಚಿದ. ಅವರು ಇನ್ನೂ ಸಿಟ್ಟಾದರು. ಕಂಡಕ್ಟರ್ ರಟ್ಟೆ ಹಿಡಿದು ಅವನನ್ನು ಬಾಗಿಲಿನಿಂದಾಚೆ ನೂಕಿ ಸೀಟಿ ಊದಿದ.

ಅನಂತರಾಮು ಕೆಸರಿನಲ್ಲಿ ಬಿದ್ದಲ್ಲಿಂದಲೇ ನೋಡಿದ. ಬಸ್ಸು ಜರಗನಹಳ್ಳಿಯ ಕಡೆಗೆ ಹೊರಟಿತು. ಕಿಟಕಿಯಲ್ಲಿ ಒಬ್ಬ ಮುದುಕಿ ಅವಳಿಗೆ ಜಾಗ ಮಾಡಿಕೊಟ್ಟು, ತನ್ನ ಸೆರಗಿನಿಂದ ಅವಳ ಕಣ್ಣೊರೆಸಿ, ಹೆದರಬೇಡ ಎಂದು ಬೆನ್ನು ನೀವುತ್ತಿದ್ದಳು.