ಕಡಲ ಕಡೆಯ ಬಾಗಿಲು

"ಆ ಕಡೆ ಬಾಗಿಲು ಬೇಡ ಮಗ, ನನ್ನ ಮಾತು ಕೇಳು," ಎಂದು ಬೆತುಂಬು ಅಜ್ಜ ಹೇಳಿದಾಗ ಫೆನು ನಕ್ಕುಬಿಟ್ಟ. ನಗು ಅಂದರೆ ಎಂಥ ನಗು, ಕೈಯಲ್ಲಿದ್ದ ಅಳತೆಪಟ್ಟಿ ಜಾರಿ ಮರಳಿಗೆ ಬಿತ್ತು.

"ಗಾಳಿ ಬರೋದೇ ಆ ಕಡೆಯಿಂದ ಅಜ್ಜ. ಕಡಲಿಗೆ ಬೆನ್ನು ಹಾಕಿ ಮನೆ ಕಟ್ಟಿದ್ರೆ ಒಳಗಿರೋರು ಬೆವರಲ್ಲೇ ಬೆಂದು ಹೋಗ್ತಾರೆ."

"ಕಿಟಕಿ ಇಡು, ಎಷ್ಟು ಬೇಕಾದ್ರೂ ಇಡು. ಬಾಗಿಲು ಬೇಡ. ಮೂಡಣ ಬಾಗಿಲಲ್ಲಿ ನಾವು ಹೆಣ ಮಾತ್ರ ಹೊರಗೆ ತರೋದು. ತಂದ ಕೂಡ್ಲೇ ಮುಚ್ಚಿಬಿಡ್ತೀವಿ. ಬದುಕಿರೋನು ಅದರಲ್ಲಿ ಹೊರಬಿದ್ದ ಅಂದ್ರೆ, ಬದುಕಿರೋರ ಮಧ್ಯದಿಂದಲೇ ಹೊರಬಿದ್ದ ಹಾಗೆ. ಆಮೇಲೆ ಅದೇ ದಾರೀಲಿ ಒಳಗೆ ಬರೋರು ಯಾರು ಅಂತ ನನ್ನ ಕೇಳ್ಬೇಡ."

"ಕೇಳಲ್ಲ ಬಿಡಿ. ಅವರು ಬಂದ್ರೆ ಅವರಿಗೂ ಒಂದು ಕುರ್ಚಿ ಹಾಕ್ತೀನಿ."

ಅಜ್ಜ ಜಗಳಕ್ಕೆ ನಿಲ್ಲಲಿಲ್ಲ. ಸತ್ತ ಹಿರಿಯರ ಜೊತೆ ಊರಿನ ಪರವಾಗಿ ಮಾತಾಡುವುದು ಅವನ ಕೆಲಸ. ಬದುಕಿರುವವರ ಜೊತೆ ವಾದ ಮಾಡುವ ಅಭ್ಯಾಸ ಅವನಿಗಿರಲಿಲ್ಲ. ಮರುದಿನ ಬಂದು ಆ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ, ಬೀಸಣಿಗೆಯಂತೆ ಹರಡುವ ರಾವಿನಾಲ ಮರದ ಎಲೆಯ ದಂಟೊಂದನ್ನು ಕಟ್ಟಿದ. ಅದಕ್ಕೆ ಕರಿಮಣಿ, ಬೂದಿ ಸೇರಿಸಿದ ಗಂಟೊಂದನ್ನು ತೂಗುಬಿಟ್ಟು, ಕಬ್ಬಿನ ಹೆಂಡ ಚಿಮುಕಿಸಿ, ಏನೋ ಗೊಣಗಿ ಹೋದ. ಫೆನು ಗಂಟನ್ನು ಮೂಸಿ ನೋಡಿದ. ಹಳೇ ಬಟ್ಟೆಯ, ಹಸಿ ಮಣ್ಣಿನ ವಾಸನೆ. "ಥೂ" ಎಂದವನೇ ಎಲ್ಲವನ್ನೂ ಕಿತ್ತು, ಅದೇ ಬಾಗಿಲಿನಿಂದ ಇಳಿದು ಹೋಗಿ ಅಲೆಗೆ ಎಸೆದು, ಅದೇ ಬಾಗಿಲಿನಿಂದ ಒಳಗೆ ಬಂದ. ಕಂಡವರು ತಲೆ ತಗ್ಗಿಸಿಕೊಂಡು ತಮ್ಮ ದಾರಿ ಹಿಡಿದರು.

ಹಾಗಂತ ಫೆನು ಕೆಟ್ಟವನೇನೂ ಅಲ್ಲ, ಪಾಪ. ರಾಜಧಾನಿ ಅಂತಾನನರಿವೊದ ಗುಡ್ಡದ ಮನುಷ್ಯ, ಓದಿದ ಎಂಜಿನಿಯರ್. ಮಡಗಾಸ್ಕರಿನ ಈ ಮೂಡಲ ಕರಾವಳಿಗೆ ಸೇತುವೆ ಕೆಲಸಕ್ಕೆಂದು ಬಂದವನು ಹೆಂಡತಿ ವೂಲಾಳನ್ನೂ ಪುಟ್ಟ ಮಗಳು ಮಿಯಾಲಿಯನ್ನೂ ಕರೆತಂದು ಎಲೆ ಹೊದಿಸಿದ ಬಾಡಿಗೆ ಮನೆಯಲ್ಲಿ ಇಟ್ಟಿದ್ದ. ಊರಿನವರಾದ ನಮಗೇನು, ಚಂಡಮಾರುತ ಬಂದರೆ ಮಾಡು ಹಾರುತ್ತದೆ, ಕಾಡಿಗೆ ಹೋಗಿ ಎಲೆ ತಂದು ಮತ್ತೆ ಹೊದಿಸುತ್ತೇವೆ. ಗುಡ್ಡದ ಹೆಣ್ಣುಮಗಳು ಅದನ್ನು ಹೇಗೆ ತಡೆದಾಳು? ತೇವಕ್ಕೆ ಹಾಸಿಗೆಯೆಲ್ಲ ಬೂಷ್ಟು ಹಿಡಿಯಿತು. ಮಗುವಿಗೆ ಉಬ್ಬಸ ಶುರುವಾಯಿತು. ಒಂದು ಗಾಳಿಮಳೆಯಲ್ಲಿ ಮಾಡು ಎದ್ದು ಹೋದ ಮೇಲೆ ವೂಲಾ ಗಂಟುಮೂಟೆ ಕಟ್ಟಿದಳು. "ಗಾಳಿಗೆ ಹಾರದ, ಮಗು ಉಸಿರಾಡೋ ಅಂಥ ಮನೆ ಕಟ್ಟು. ಅವತ್ತು ಬರ್ತೀನಿ," ಅಂದು ದೋಣಿ ಹತ್ತಿದ್ದಳು.

ಕಟ್ಟಿದ. ನಾವು ಹೊಟ್ಟೆಕಿಚ್ಚು ಪಡುವ ಹಾಗೆ ಕಟ್ಟಿದ. ಆಳಕ್ಕಿಳಿಸಿದ ಕಂಬಗಳ ಮೇಲೆ ನೆಲದಿಂದ ಎತ್ತರದಲ್ಲಿ ನಿಂತ ಮನೆ. ನಾಲ್ಕೂ ದಿಕ್ಕಿಗೆ ಇಳಿಜಾರಾದ ಮಾಡು, ತೊಲೆತೊಲೆಗೂ ಕಬ್ಬಿಣದ ಪಟ್ಟಿ ಬಿಗಿದು ಕಂಬಕ್ಕೆ ಬಂಧ. ಸುತ್ತಲೂ ಜಗುಲಿ. ಪಡುವಣ ಬಾಗಿಲು, ಅದಕ್ಕೆ ನೇರವಾಗಿ ಮೂಡಣ ಬಾಗಿಲು. ಎರಡನ್ನೂ ತೆಗೆದರೆ ಕಡಲಗಾಳಿ ಮನೆಯೊಳಗೆಲ್ಲ ಓಡಾಡಿ, ಗೋಡೆ ಒಣಗಿ, ಎದೆ ಹಗುರಾಗುತ್ತಿತ್ತು. ಆ ಬಾಗಿಲನ್ನು ಅವನು ಇಟ್ಟಿದ್ದೇ ಮಗುವಿನ ಉಸಿರಿಗಾಗಿ.

ಮಧ್ಯಾಹ್ನ ಅನ್ನ ತಂದುಕೊಡುತ್ತಿದ್ದವಳು ನೆರೆಮನೆಯ ಬೆವಾವಿ. ಬಾಯಿ ಸುಮ್ಮನಿರದ ಹೆಂಗಸು. "ಏನೋ ತಮ್ಮ, ಅರಮನೆ ಮುಗೀತಾ? ರಾಣಿ ಯಾವಾಗ ಬರ್ತಾಳೆ?" ಎಂದು ದಿನವೂ ಕೆಣಕುವವಳು. ಫೆನು ಮೂಡಣ ಬಾಗಿಲಲ್ಲಿ ಓಡಾಡತೊಡಗಿದ ಮೇಲೆ ಒಂದು ದಿನ ಅವಳು ಪಡುವಣ ಮೆಟ್ಟಿಲಲ್ಲಿ ನಿಂತು, "ತಮ್ಮಾ, ಎಲ್ಲಿದ್ದೀಯೋ?" ಎಂದು ಕೂಗಿದಳು. ಫೆನು ಅವಳೆದುರೇ ಕೂತಿದ್ದ.

"ಇಲ್ಲೇ ಇದ್ದೀನಲ್ಲ ಅಕ್ಕ, ಕಣ್ಣು ಕಾಣಲ್ವಾ?"

ಬೆವಾವಿ ಬೆಚ್ಚಿಬಿದ್ದಳು. ಕಣ್ಣುಜ್ಜಿಕೊಂಡಳು. ಅನ್ನದ ಬಟ್ಟಲನ್ನು ಕೈಗೆ ಕೊಡದೆ ನೆಲಕ್ಕಿಟ್ಟು ಸರಸರನೆ ಹೋದಳು. ಮರುದಿನ ಬರಲೇ ಇಲ್ಲ.

ಊರು ತನಗೆ ಬಹಿಷ್ಕಾರ ಹಾಕಿದೆ ಎಂದುಕೊಂಡ ಫೆನು. ದೋಣಿ ಓಡಾಡುವ ಕಾಲುವೆಯ ದಡದಲ್ಲಿ ಮಾತಾಡಿಸಿದರೆ ಜನ ಬೇರೆಲ್ಲೋ ನೋಡುತ್ತಿದ್ದರು. ಅಂಗಡಿಯವನ ಮುಂದೆ ನಿಂತು ಅಕ್ಕಿ ಕೇಳಿ ಕೇಳಿ ಗಂಟಲು ಒಣಗಿತು. "ಹಾಳಾಗಿ ಹೋಗಿ!" ಎಂದು ಬೈದು ಬಂದ. ವೂಲಾಗೆ ಫೋನ್ ಮಾಡಿದ.

"ಹಲೋ? ಫೆನು? ಬರೀ ಗಾಳಿ ಸದ್ದು ಕೇಳ್ತಿದೆ. ಮಾತಾಡೋ."

"ಮನೆ ಆಯ್ತು ವೂಲಾ! ಬಾ!"

"ಫೆನು? ಯಾಕೆ ಸುಮ್ಮನಿದ್ದೀಯಾ? ನಂಗೆ ಭಯ ಆಗ್ತಿದೆ ಕಣೋ."

ಕರೆ ತುಂಡಾಯಿತು. ಅಷ್ಟು ಚೆಂದದ ಮನೆಯಲ್ಲಿ ಅವನೊಬ್ಬನೇ. ಗೋಡೆಗೊರಗಿ ಕೂತು ಗಂಡಸು ಬಿಕ್ಕಿಬಿಕ್ಕಿ ಅತ್ತ. ಅಳುವಾಗಲೇ ಜಗುಲಿಯ ಹಲಗೆಗಳ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಒದ್ದೆ ಕಾಲುಗಳು, ಬಹಳ ಕಾಲುಗಳು. ಎದ್ದು ನೋಡಿದರೆ ಯಾರೂ ಇಲ್ಲ, ಕಡಲು ಹೊಳೆಯುತ್ತಿತ್ತು. ಆದರೆ ಗಾಳಿಯಲ್ಲಿ ಆ ಹಸಿ ಮಣ್ಣಿನ ವಾಸನೆ ಬಂತು.

ಚಂಡಮಾರುತ ಬಂದದ್ದು ಹಾಡಹಗಲಲ್ಲಿ. ಹಿತ್ತಾಳೆ ಬಣ್ಣಕ್ಕೆ ತಿರುಗಿದ್ದ ಆಕಾಶ ನೋಡನೋಡುತ್ತ ಮಸಿಯಾಯಿತು. ಜನ ಮಕ್ಕಳನ್ನು ಎತ್ತಿಕೊಂಡು ಶಾಲೆಯ ಕಡೆ ಓಡುತ್ತಿದ್ದರು. ಫೆನು ಪಡುವಣ ಮೆಟ್ಟಿಲಲ್ಲಿ ನಿಂತು ಕೈ ಬೀಸಿದ. "ಇಲ್ಲಿಗೆ ಬನ್ನಿ! ಇದು ಬೀಳಲ್ಲ! ಬೆವಾವಿ ಅಕ್ಕ! ಅಜ್ಜ!" ಯಾರೂ ತಿರುಗಲಿಲ್ಲ. ಬೆತುಂಬು ಅಜ್ಜ ಒಂದು ಗಳಿಗೆ ನಿಂತು, ಮನೆಯತ್ತ ಕೈಮುಗಿದು ಹೋದ.

ಫೆನು ಒಳಗೆ ಬಂದು ಎರಡೂ ಬಾಗಿಲು ಹಾಕಿ ಅಗುಳಿ ಸರಿಸಿದ.

ಕತ್ತಲು. ಗಾಳಿಯ ಊಳು. ಎಲ್ಲೋ ತೆಂಗಿನಮರ ಮುರಿದ ಸದ್ದು. ಲವಂಗದ ಮರಗಳ ಹಸಿ ಘಾಟು. ಮನೆ ನಡುಗಿತು, ನರಳಿತು, ನಿಂತಿತು. ಒಂದು ಮೊಳೆ ಕದಲಲಿಲ್ಲ. "ನಿಂತಿತು ವೂಲಾ, ನಿಂತಿತು!" ಎಂದು ಕೂಗಿದ.

ಮೂಡಣ ಬಾಗಿಲಿನ ಅಗುಳಿ ತಾನಾಗಿ ಸರಿಯಿತು.

ಗಾಳಿ ಅದನ್ನು ಬಡಿಯಲಿಲ್ಲ. ಯಾರೋ ಮೆಲ್ಲನೆ ತಳ್ಳಿದರು. ಒಬ್ಬರು ಒಳಗೆ ಬಂದರು. ಇನ್ನೊಬ್ಬರು. ಮತ್ತೊಬ್ಬರು. ಒದ್ದೆ ಬಟ್ಟೆ ಸುತ್ತಿದ ಮೈಗಳು. ಮಣ್ಣು ಅಂಟಿದ ಕಾಲುಗಳು. ಹೆಂಡದ ವಾಸನೆ. ಹೆಣದ ವಾಸನೆ. ಗೋಡೆಯುದ್ದಕ್ಕೂ ಕೂತರು. ಸಾಲಾಗಿ. ಸದ್ದಿಲ್ಲದೆ. ಎಲ್ಲರೂ ಅವನನ್ನೇ ನೋಡಿದರು. ಎಷ್ಟೋ ದಿನಗಳ ಮೇಲೆ ಅವನನ್ನು ನೋಡಿದ ಕಣ್ಣುಗಳು ಅವು. ಕಿರುಚಲು ಬಾಯಿ ತೆರೆದ.

ಒಬ್ಬ ಮುದುಕಿ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಬಾ ಮಗ, ಕೂತ್ಕೋ. ಒಳ್ಳೇ ಮನೆ ಕಟ್ಟಿದ್ದೀಯ. ಗಾಳಿ ಚೆನ್ನಾಗಿ ಬರುತ್ತೆ."

ಮಳೆ ನಿಂತ ಮೇಲೆ, ಶಾಲೆ ಬಿಟ್ಟರೆ ನಮ್ಮೂರಲ್ಲಿ ಉಳಿದದ್ದು ಆ ಮನೆಯೊಂದೇ. ಸುದ್ದಿ ಕೇಳಿ ವೂಲಾ ಮಗುವನ್ನು ಕರೆದುಕೊಂಡು ದೋಣಿಯಲ್ಲಿ ಬಂದಳು. ಬೆವಾವಿ ಅವಳ ಕೈ ಹಿಡಿದುಕೊಂಡು ಅತ್ತಳು. "ಗಾಳಿಗೆ ಮುಂಚೆಯೇ ಅವನು ಕಾಣೆಯಾಗಿಬಿಟ್ಟ, ತಂಗಿ. ಕಡಲಿಗೆ ಹೋದ್ನೋ ಏನೋ, ಹುಡುಕದ ಜಾಗ ಇಲ್ಲ."

"ಇಲ್ಲಿದ್ದೀನಿ!" ಎಂದು ಫೆನು ಹೆಂಡತಿಯ ಮುಖಕ್ಕೆ ಮುಖ ಕೊಟ್ಟು ಕೂಗಿದ. ವೂಲಾ ಅವನ ಪಕ್ಕದಲ್ಲೇ ಹಾದು, ಪಡುವಣ ಬಾಗಿಲಿನಿಂದ ಮನೆಯೊಳಗೆ ಹೋದಳು. ಒಣಗಿದ ಗೋಡೆಯನ್ನು ಸವರಿದಳು. ತೊಲೆಗಳನ್ನು ನೋಡಿದಳು. "ಕಟ್ಟಿಬಿಟ್ಟಿದ್ದಾನೆ ನೋಡು, ಹುಚ್ಚ," ಎಂದು ನೆಲಕ್ಕೆ ಕುಸಿದಳು. ಗೋಡೆಯುದ್ದಕ್ಕೂ ಕೂತವರು ಅವಳಿಗೆ ಜಾಗ ಬಿಟ್ಟರು.

ಮಿಯಾಲಿಗೆ ದಾರಿಯುದ್ದಕ್ಕೂ ಉಬ್ಬಸ. ಅಲೆಯ ಸದ್ದು ಕೇಳಿ ಅವಳು ಮೂಡಣ ಬಾಗಿಲಿಗೆ ಓಡಿದಳು. ಮುದುಕಿ ಆಸೆಯಿಂದ ಮುಂದೆ ಬಾಗಿದಳು. "ಬರಲಿ ಬಿಡು ಮಗ. ಹೊರಗೊಂದು ಸಲ ಕಾಲಿಟ್ಟು ಬರಲಿ. ನಿನ್ನ ನೋಡ್ತಾಳೆ. ಅಪ್ಪ ಅಂತ ಕರೀತಾಳೆ."

ಫೆನುವಿನ ಎದೆ ಒಡೆಯಿತು. ಒಂದೇ ಒಂದು ಸಲ ಆ ಮಾತು ಕೇಳಬೇಕೆಂದು ಎಷ್ಟು ಆಸೆಯಾಯಿತು! ಆದರೂ ಹಾರಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು, ಕಾಲೂರಿ ನಿಂತ. ಮಗು ಎಳೆಯಿತು. ವೂಲಾ ಬಂದು ಎಳೆದಳು. ಬಾಗಿಲು ಅಲುಗಲಿಲ್ಲ.

"ತೇವಕ್ಕೆ ಮರ ಉಬ್ಬಿದೆ ಅಷ್ಟೇ," ಎಂದಳು ವೂಲಾ.

"ಉಬ್ಬಿದ್ದು ಒಳ್ಳೇದೇ ಆಯ್ತಮ್ಮ," ಎಂದ ಹೊರಗೆ ನಿಂತಿದ್ದ ಬೆತುಂಬು ಅಜ್ಜ. "ಹಲಗೆ ತಂದಿದ್ದೀನಿ, ಈಗಲೇ ಹೊಡೆದು ಮುಚ್ಚಿಬಿಡ್ತೀನಿ. ಅದು ಬದುಕಿರೋರ ಬಾಗಿಲಲ್ಲ."

ವೂಲಾ ಕಣ್ಣೊರೆಸಿಕೊಂಡಳು. "ಬೇಡ ಅಜ್ಜ. ನನ್ನ ಗಂಡ ಈ ಮಗುವಿನ ಉಸಿರಿಗೋಸ್ಕರ ಇಟ್ಟ ಬಾಗಿಲು ಇದು. ಅವನ ಕೈಯ ಕೆಲಸಕ್ಕೆ ಮೊಳೆ ಹೊಡೆಯೋಕೆ ನಾನು ಬಿಡಲ್ಲ. ನಾವು ಇಲ್ಲೇ ಇರ್ತೀವಿ. ಬಡಗಿಗೆ ಹೇಳಿ ಕಳಿಸಿ, ತೆಗೆಸ್ತೀನಿ."

"ಬೇಡ ವೂಲಾ," ಎಂದು ಫೆನು ಅಂಗಲಾಚಿದ. "ಮುಚ್ಚಿಸು. ನನ್ನಾಣೆ, ಮುಚ್ಚಿಸು."

ಅವಳು ಬೆವರೊರೆಸಿಕೊಂಡು ಮಗುವಿನ ಎದೆ ನೀವುತ್ತಿದ್ದಳು. ಮಹನುರು ಪಟ್ಟಣದಿಂದ ಬಡಗಿ ಮರುದಿನ ಬಂದ. ದಷ್ಟಪುಷ್ಟ ಆಳು, ಜೊತೆಗೆ ತಮ್ಮನನ್ನೂ ಕರೆತಂದಿದ್ದ. ಇಬ್ಬರೂ ಹಾರೆಯನ್ನು ಬಾಗಿಲಿನ ಸಂದಿಗೆ ತೂರಿಸಿ, ಅಂಗೈಗೆ ಉಗುಳಿಕೊಂಡು ಮೀಟತೊಡಗಿದರು. ಫೆನುವಿನ ಹಿಮ್ಮಡಿ ಹಲಗೆಯ ಮೇಲೆ ಮೆಲ್ಲನೆ ಜಾರಿತು. ಮಿಯಾಲಿ ಕಡಲು ನೋಡಲು ಅಮ್ಮನ ಕೈ ಬಿಡಿಸಿಕೊಂಡು, ಬಾಗಿಲಿಗೆ ಮುಖ ಮಾಡಿ ನಿಂತಿದ್ದಳು.