ಹಿಂದಿನ ಬಲಗಡೆಯ ಪೆಟ್ಟು

"ಸುಳ್ಳು! ಹಸಿ ಸುಳ್ಳು!"

ಅರೀಜಳ ಕೂಗಿಗೆ ಆ ಕಾರು ತಪಾಸಣೆ ಕೇಂದ್ರದಲ್ಲಿದ್ದವರೆಲ್ಲರ ಕತ್ತು ಇತ್ತ ತಿರುಗಿತು.

ಕಾರಿನ ಅಡಿಯಿಂದ ಎದ್ದು ಬಂದ ತಪಾಸಣೆಗಾರ ಸುಫ್ಯಾನ್ ಟಾರ್ಚ್ ಆರಿಸಿದ. "ಚಾಸಿಸ್‌ನ ಮೂರು ಮೂಲೆ ಚೆನ್ನಾಗಿವೆ. ಹಿಂದಿನ ಬಲಗಡೆ ಮಾತ್ರ ಪೆಟ್ಟು ಬಿದ್ದಿದೆ. ಹಳೇದು. ಯಾರೋ ತುಂಬಾ ಅಕ್ಕರೆಯಿಂದ ನೆಟ್ಟಗೆ ಮಾಡಿಸಿದ್ದಾರೆ."

"ನಮ್ಮಪ್ಪ ನಲವತ್ತು ವರ್ಷ ಟ್ಯಾಕ್ಸಿ ಓಡಿಸಿದವರು! ನಾಲ್ಕಕ್ಕೆ ನಾಲ್ಕೂ ಚೆನ್ನಾಗಿದೆ ಅಂತ ಮಾತು ಕೊಟ್ಟಿದ್ದಾರೆ!"

ಜೋರ್ಡಾನಿನ ಈ ಅಮ್ಮಾನ್ ಊರಿನಲ್ಲಿ ಕಾರು ಮಾರುವವನ ಮಾನವೆಲ್ಲ ಆ ನಾಲ್ಕು ಮೂಲೆಗಳಲ್ಲೇ ಇರುತ್ತದೆ. ನಾಲ್ಕು ಅಂತ ಹೇಳಿ ಮೂರು ಬಂತೋ, ಮುಗಿಯಿತು!

ಕೊಳ್ಳಲು ಬಂದಿದ್ದ ಹಾಜಿ ನಿಟ್ಟುಸಿರಿಟ್ಟ. "ನಿಮ್ಮಪ್ಪನ ಮಾತು ನಂಬಿ ಬಂದಿದ್ದೆ ಕಣಮ್ಮ... ಇರಲಿ ಬಿಡು." ಅಷ್ಟೇ ಹೇಳಿ ಹೊರಟೇ ಹೋದ.

ಅರೀಜಳ ಕಣ್ಣು ತುಂಬಿತು. ಅಪ್ಪನ ದೃಷ್ಟಿ ಮಂಜಾಗಿದೆ, ಇನ್ನು ಕಾರು ಓಡಿಸುವ ಹಾಗಿಲ್ಲ. ಅವರಿಗೆ ಉಳಿದಿದ್ದು ಒಳ್ಳೆಯ ಹೆಸರೊಂದೇ. ಅದನ್ನೂ ಈ ಮನುಷ್ಯ...

"ಪೆಟ್ಟು ಅಂತ ಬರೆದು, ಆಮೇಲೆ ನಿಮ್ಮ ಗೆಳೆಯರಿಗೇ ಅಗ್ಗಕ್ಕೆ ಕೊಡಿಸೋ ಆಟ ತಾನೇ ಇದು?"

ಸುಫ್ಯಾನನ ಕಿವಿ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. "ಕಾಣದ್ದನ್ನ ಬರೆಯಲ್ಲ, ಕಂಡಿದ್ದನ್ನ ಬಿಡಲ್ಲ. ಮನೆಗೆ ಹೋಗಿ ನಿಮ್ಮಪ್ಪನ್ನೇ ಕೇಳಿ."

ಮನೆಯಲ್ಲಿ ಅಪ್ಪ ಚಹಾ ಹಿಡಿದು ಕೂತಿದ್ದರು. ವರದಿ ಓದಿ ಹೇಳಿದಳು. ಅಪ್ಪ ಚಹಾ ಕೆಳಗಿಟ್ಟರು.

"ಅಪ್ಪಾ... ಅವನು ಸುಳ್ಳುಗಾರ ಅಲ್ವಾ?"

"ನಿಜಾನೇ ಹೇಳಿದ್ದಾನೆ ಮಗಳೇ. ನೀನು ಓಡಿಸೋದು ಕಲೀತಿದ್ದಾಗ, ಇಳಿಜಾರಲ್ಲಿ ಹಿಂದಕ್ಕೆ ಜಾರಿ ಗೋಡೆಗೆ ಗುದ್ದಿದ್ದೆಯಲ್ಲ..."

"ಬಂಪರ್ ಅಷ್ಟೇ ಅಂದಿದ್ದೆ ನೀನು!"

"ಪೆಟ್ಟು ದೊಡ್ಡದು ಅಂತ ಗೊತ್ತಾಗಿದ್ರೆ ನೀನು ಮತ್ತೆ ಸ್ಟೇರಿಂಗ್ ಮುಟ್ತಿದ್ದೆಯಾ? ಸದ್ದಿಲ್ಲದೆ ಸರಿ ಮಾಡಿಸಿದೆ. ಬರ್ತಾ ಬರ್ತಾ ಆ ಸುಳ್ಳನ್ನ ನಾನೇ ನಂಬಿಬಿಟ್ಟೆ. ಹಾಜಿ ಮುಂದೆ ತಲೆ ತಗ್ಗಿಸೋ ಹಾಗಾಯ್ತು."

ಅರೀಜ್ ಅಪ್ಪನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಯ್ಯೋ, ಒಬ್ಬ ಪ್ರಾಮಾಣಿಕನನ್ನು ಎಲ್ಲರೆದುರು ಕಳ್ಳ ಮಾಡಿಬಿಟ್ಟೆನಲ್ಲ!

ಮರುದಿನ ಕುನಾಫ ಸಿಹಿತಿಂಡಿಯ ಡಬ್ಬಿ ಹಿಡಿದು ಅವನ ಮುಂದೆ ನಿಂತಳು.

"ಲಂಚಾನಾ?" ಅವನ ತುಟಿಯಂಚಿನಲ್ಲಿ ನಗು.

"ಕ್ಷಮೆ... ಆ ಪೆಟ್ಟು ಕೊಟ್ಟವಳು ನಾನೇ!"

ಸುಫ್ಯಾನ್ ಜೋರಾಗಿ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ. "ಮೂರು ಅಂತ ಬರೆದ್ರೆ ಎಲ್ಲರೂ ಬೆಲೆಗೆ ಜಗಳ ಆಡ್ತಾರೆ. ಅಪ್ಪನ ಹೆಸರಿಗಾಗಿ ಜಗಳ ಆಡಿದವರು ನೀವೊಬ್ಬರೇ."

ಅವಳ ಎದೆ ಯಾಕೋ ಢವಢವ ಅಂದಿತು.

ಅಪ್ಪ ಹಾಜಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಕಾರಿನ ಗಾಜಿಗೆ ಅವರೇ ಚೀಟಿ ಅಂಟಿಸಿದರು: 'ಮೂರು ಚೆನ್ನ, ಒಂದು ಪೆಟ್ಟು. ಮಗಳು ಕಲಿತ ಗುರುತು.'

ಅದಾದ ಮೂರನೇ ಶುಕ್ರವಾರ ಸುಫ್ಯಾನ್ ತನ್ನ ದೊಡ್ಡಪ್ಪನ ಜೊತೆ ಮನೆಗೆ ಬಂದ. ಕಾರು ಕೇಳಲು ಬಂದಿದ್ದಾನೆ ಅಂದುಕೊಂಡು ಅರೀಜ್ ಕಾಫಿ ತಂದಿಟ್ಟಳು. ಇಬ್ಬರೂ ಬಟ್ಟಲು ಮುಟ್ಟಲಿಲ್ಲ!

ಅವಳ ಕಾಲು ನೆಲಕ್ಕೆ ಅಂಟಿತು. ಕಾರು ಕೇಳಲು ಬಂದವರು ಕಾಫಿ ಕುಡಿಯುತ್ತಾರೆ. ಒಪ್ಪಿಗೆ ಸಿಗುವವರೆಗೆ ಬಟ್ಟಲು ಮುಟ್ಟದೆ ಕೂರುವವರು ಹೆಣ್ಣು ಕೇಳಲು ಬಂದವರು ಮಾತ್ರ!

"ಕಾರು ಕೆಳಗೇ ಇದೆ, ನೋಡಿದ್ರಾ?" ಅಪ್ಪ ಬೇಕೆಂದೇ ಕೆಣಕಿದರು.

"ಕಾರು ಆಗ್ಲೇ ನೋಡಿದ್ದೀನಿ ಅಂಕಲ್." ಸುಫ್ಯಾನ್ ಗಂಟಲು ಸರಿಮಾಡಿಕೊಂಡ. "ಬೇರೆಯವರಿಂದ ಗೊತ್ತಾಗೋದು ಬೇಡ, ನಾನೇ ಹೇಳ್ತೀನಿ. ನಾನೂ ನಾಲ್ಕಕ್ಕೆ ನಾಲ್ಕಲ್ಲ. ಎರಡು ವರ್ಷದ ಹಿಂದೆ ನನ್ನ ನಿಶ್ಚಿತಾರ್ಥ ಮುರಿದುಹೋಯ್ತು. ಆ ಹುಡುಗಿಗೆ ನಾನು ಬೇಡವಾದೆ. ಒಂದು ಪೆಟ್ಟಿದೆ."

ದೊಡ್ಡಪ್ಪ ನೆಲ ನೋಡುತ್ತ ಕೂತರು. ಅಪ್ಪ ಮಗಳ ಕಡೆ ತಿರುಗಿದರು. "ಉತ್ತರ ಹೇಳ್ಬೇಕಾದವಳು ನೀನು ಮಗಳೇ."

ಅರೀಜ್ ತಲೆ ಎತ್ತಿ ಅವನನ್ನೇ ನೋಡಿದಳು.

"ಆ ಪೆಟ್ಟನ್ನ ಯಾರು ನೆಟ್ಟಗೆ ಮಾಡಿದ್ರು?"

"ಇನ್ನೂ ಯಾರೂ ಇಲ್ಲ... ನೀವು ಮಾಡ್ತೀರೇನೋ ಅಂತ ಬಂದೆ."

ಅವಳು ಬಗ್ಗಿ ಬಟ್ಟಲನ್ನು ಅವನ ಕಡೆ ಮೆಲ್ಲಗೆ ಸರಿಸಿದಳು.

"ಕಾಫಿ ಆರ್ತಾ ಇದೆ... ಕುಡೀರಿ."