ಹಳದಿ ಗೋಡೆ, ನೀಲಿ ಬಾಗಿಲು

"ಹತ್ತಕ್ಕೆ ಬರ್ತೀವಿ ಅಂದಿದ್ರು ಕಣಮ್ಮ, ಹನ್ನೊಂದೂವರೆ ಆಯ್ತು," ಎನ್ನುತ್ತಾ ತೇಜಸ್ವಿನಿ ಏಳನೇ ಸಲ ಬಾಗಿಲಲ್ಲಿ ಇಣುಕಿದಳು.

"ಬರಲ್ಲ ಬುಡು. ಊರಿನೋರು ಇಲ್ಲಿಗ್ಯಾಕೆ ಬತ್ತಾರೆ?" ಎಂದರು ಅಮ್ಮ.

ಅವರ ಹಳೇ ಊರು ಈಗ ಡ್ಯಾಮ್ ನೀರಿನ ಅಡಿಯಲ್ಲಿದೆ. ಊರು ಬಿಟ್ಟವರಿಗೆಲ್ಲ ಸರ್ಕಾರ ಮನೆ ಕಟ್ಟಿಸಿಕೊಟ್ಟಿತು. ಒಳ್ಳೇ ಮನೆಗಳೇ, ನಲ್ಲಿ, ಫ್ಯಾನು ಎಲ್ಲಾ ಇವೆ. ಆದರೆ ಕಟ್ಟಿದ್ದು ಪುರವರ ಎಂಬ ಊರಿನ ಒಳಗಲ್ಲ, ಎರಡು ಕಿಲೋಮೀಟರ್ ಆಚೆ, ಬಯಲಲ್ಲಿ. ಶಾಲೆ ಪುರವರದಲ್ಲಿ. ಸಂಜೆ ಕಾಲೋನಿಗೆ ಒಂದೇ ಬಸ್ಸು, ನಾಲ್ಕೂ ಹತ್ತಕ್ಕೆ. ಖೋ ಖೋ ಪ್ರಾಕ್ಟೀಸ್ ಶುರುವಾಗುವುದು ನಾಲ್ಕೂಕಾಲಿಗೆ.

ಹೋದ ವಾರ ಶಾಲೆಯಲ್ಲಿ ತೇಜಸ್ವಿನಿ ಓಡುವುದನ್ನು ನೋಡಿ ಖೋ ಖೋ ಕ್ಯಾಪ್ಟನ್ ಶಿವಲಕ್ಷ್ಮಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು. "ನೀನು ಟೀಮಿಗೆ ಬೇಕೇ ಬೇಕು ಕಣೇ. ಆದ್ರೆ ಪ್ರಾಕ್ಟೀಸಿಗೆ ಬರದೋರ್ನ ಮೇಷ್ಟ್ರು ಸೇರ್ಸಲ್ಲ. ಭಾನ್ವಾರ ನಾವೇ ಬಂದು ನಿಮ್ಮಮ್ಮನ್ನ ಒಪ್ಪಿಸ್ತೀವಿ. ಮನೆ ಯಾವ್ದು?"

"ಹಳದಿ ಗೋಡೆ, ನೀಲಿ ಬಾಗಿಲು," ಎಂದಿದ್ದಳು ತೇಜಸ್ವಿನಿ.

ಈಗ ಬಾಗಿಲಲ್ಲಿ ನಿಂತಿದ್ದಾಗಲೇ ಕಾಲೋನಿಯ ಮೂರನೇ ಸಾಲಿನಿಂದ ಜೋರು ನಗು ಕೇಳಿಸಿತು. ತೇಜಸ್ವಿನಿ ಓಡಿದಳು. ದಾಸಮ್ಮಜ್ಜಿಯ ಮನೆ ಮುಂದೆ ನಾಲ್ಕು ಸೈಕಲ್. ಮೆಟ್ಟಿಲ ಮೇಲೆ ನಾಲ್ಕು ಹುಡುಗಿಯರು, ನಾಲ್ಕು ತಟ್ಟೆ ಚಿತ್ರಾನ್ನ.

"ಇಲ್ಲೇನ್ರೇ ಮಾಡ್ತಿದೀರಾ?"

ಶಿವಲಕ್ಷ್ಮಿ ಬೆರಳು ನೆಕ್ಕಿದಳು. "ಏನೇ ನಿನ್ ಅಡ್ರೆಸ್ಸು? ಇಲ್ಲಿ ನೂರಿಪ್ಪತ್ತು ಮನೆಗೂ ಹಳದಿ ಗೋಡೆ, ನೀಲಿ ಬಾಗಿಲು. ಇದು ಒಂಬತ್ತನೇ ಮನೆ."

"ಕೇಳ್ಬೇಕು ತಾನೆ?"

"ಕೇಳಕ್ಕೆ ಬಿಟ್ರೆ ತಾನೆ. ಒಂದ್ ಮನೇಲಿ ಕಡ್ಲೇಕಾಯಿ, ಇನ್ನೊಂದ್ರಲ್ಲಿ ಮಜ್ಜಿಗೆ, ಆಮೇಲೆ ರವೆ ಉಂಡೆ. ನಡೆಯಕ್ಕಾಯ್ತಿಲ್ಲ."

"ಇಲ್ಲಿಗ್ ಬಂದು ಎಂಟು ತಿಂಗ್ಳಾಯ್ತು, ನೆಂಟ್ರು ಅಂತ ಒಬ್ರೂ ಬಾಗ್ಲು ತಟ್ಟಿರ್ಲಿಲ್ಲ," ಎಂದಳು ದಾಸಮ್ಮಜ್ಜಿ. "ಸುಮ್ನೆ ಕಳ್ಸಕ್ಕಾಯ್ತದಾ? ತಿನ್ರವ್ವ."

ಹಿಂದೆಯೇ ಬಂದ ಅಮ್ಮನನ್ನು ಶಿವಲಕ್ಷ್ಮಿ ತೇಗುತ್ತಲೇ, ಮಗಳನ್ನು ಪ್ರಾಕ್ಟೀಸಿಗೆ ಕಳಿಸಿ ಎಂದು ಕೇಳಿದಳು. ಅಮ್ಮ ತಲೆ ಅಲ್ಲಾಡಿಸಿದರು. "ಬಸ್ ಬುಟ್ರೆ ಒಬ್ಳೇ ನಡೀಬೇಕು ಕಣಮ್ಮ. ಆ ದಾರೀಲಿ ಒಂದ್ ಲೈಟಿಲ್ಲ. ನಾ ಕಳ್ಸಲ್ಲ."

ತೇಜಸ್ವಿನಿ ನೆಲ ನೋಡಿದಳು. ಮುಗಿಯಿತು.

ಶಿವಲಕ್ಷ್ಮಿ ಮಾತ್ರ ಸಾಲಿನ ಕೊನೆಯತ್ತ ನೋಡುತ್ತಿದ್ದಳು. "ಆಂಟಿ, ಆ ಜಾಗ ಯಾರ್ದು?"

"ಪಾರ್ಕಿಗೆ ಅಂತ ಬಿಟ್ಟವ್ರೆ. ಗಿಡಾನೂ ಇಲ್ಲ, ಬೆಂಚೂ ಇಲ್ಲ."

"ಕಲ್ಲೂ ಇಲ್ಲ," ಎಂದಳು ಶಿವಲಕ್ಷ್ಮಿ. "ನಮ್ ಗ್ರೌಂಡಲ್ಲಿ ಬರೀ ಜಲ್ಲಿ, ಮಂಡಿ ನೋಡಿ ಹೆಂಗಾಗೈತೆ. ನಾವೇ ಇಲ್ಲಿಗ್ ಬತ್ತೀವಿ. ಎಲ್ರತ್ರಾನೂ ಸೈಕಲ್ ಐತೆ."

"ನಿಮ್ಗೆ ವಾಪಸ್ ಹೋಗೋವಾಗ ಕತ್ಲಾಗಲ್ವಾ?" ಎಂದರು ಅಮ್ಮ.

"ಹತ್ತು ಜನ ಒಟ್ಟಿಗೆ ಹೋಯ್ತೀವಲ್ಲ. ಹಿಂದೆ ಮೇಷ್ಟ್ರ ಬೈಕ್."

ಅಮ್ಮನ ಫೋನಿನಿಂದಲೇ ಮೇಷ್ಟ್ರಿಗೆ ಫೋನ್ ಹೋಯಿತು. ಪ್ರಸನ್ನ ಕುಮಾರ್ ಮೇಷ್ಟ್ರು ಕೇಳಿದ್ದು ಒಂದೇ ಮಾತು. "ನಿಜವಾಗ್ಲೂ ಕಲ್ಲಿಲ್ವಾ? ನಾಳೇನೇ ಬರ್ತೀನಿ."

ನಾಳೆವರೆಗೆ ಯಾರು ಕಾಯುತ್ತಾರೆ? ಸೌದೆ ಕೋಲು ಎರಡು ನೆಟ್ಟರು. ಸಾಲಿಗೆ ಹುಡುಗಿಯರು ಸಾಲದೆ ಕಾಲೋನಿಯವರು ಓಡಿ ಬಂದು ಕೂತರು, ಒಬ್ಬರ ಮುಖ ಮನೆಗಳ ಕಡೆ, ಪಕ್ಕದವರದು ರಸ್ತೆ ಕಡೆ.

ತೇಜಸ್ವಿನಿಯ ಮುಖ ರಸ್ತೆ ಕಡೆಗಿತ್ತು. ಮಣ್ಣಿನಲ್ಲಿ ನಾಲ್ಕು ಸೈಕಲ್ ಟೈರಿನ ಗೆರೆ, ನಾಲ್ಕೂ ಈ ಕಡೆಗೇ ಬಂದಿದ್ದವು. ಇಷ್ಟು ದಿನ ಆ ರಸ್ತೆ ಇರುವುದು ತಾವು ಊರಿಗೆ ಹೋಗುವುದಕ್ಕೆ ಮಾತ್ರ ಎಂದುಕೊಂಡಿದ್ದಳು.

ಬೆನ್ನಿಗೆ ಪಟ್ಟಂತ ಒಂದು ಏಟು ಬಿತ್ತು. "ಖೋ."

ಅವಳು ಎದ್ದು ಓಡಿದಳು.